ಮೂರು ಮಗ್ಗುಲಿನ ಕಿಟಕಿಗೆ ಪರದೆ ಕಟ್ಟಿ ಕಲಿತದ್ದು

ಬೆಂಗಳೂರಿನಲ್ಲಿ ಬೇ ವಿಂಡೋ ಇರುವ ಮನೆಗಳು ಎರಡು ಬಗೆ. ಒಂದು, ಹಳೆಯವು. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ಬೀಡುಬಿಟ್ಟ ಮೇಲೆ ಕಂಟೋನ್ಮೆಂಟ್ ಕಡೆ ಎದ್ದ ಬಂಗಲೆಗಳು, ಆಮೇಲಿನ ರಿಚರ್ಡ್ಸ್ ಟೌನ್, ಕುಕ್ ಟೌನ್, ಫ್ರೇಜರ್ ಟೌನ್ ಮನೆಗಳು, 1898ರ ಪ್ಲೇಗಿನ ನಂತರ ಜನ ತುಂಬಿಕೊಂಡ ಬಸವನಗುಡಿ ಮತ್ತು ಮಲ್ಲೇಶ್ವರದ ಕೆಲವು ಮನೆಗಳು. ಗೋಡೆಯಿಂದ ಹೊರಕ್ಕೆ ಚಾಚಿಕೊಂಡ ಮೂರು ಮಗ್ಗುಲು, ಮೂರಕ್ಕೂ ಗಾಜು, ಕೆಲವದರ ನೆತ್ತಿಯ ಮೇಲೆ ಮರದ ಪಟ್ಟಿಗಳ ಚೂಪು ಮಂಕಿ ಟಾಪು. ಇನ್ನೊಂದು ಬಗೆ ಈಗಿನ ಅಪಾರ್ಟ್‌ಮೆಂಟುಗಳದು. ಅಲ್ಲಿ ಬೇ ವಿಂಡೋ ಅಂದರೆ ಪೆಟ್ಟಿಗೆಯಂತೆ ಚೌಕಾಕಾರದಲ್ಲಿ ಹೊರಗೆ ತಳ್ಳಿದ ಕಿಟಕಿ. ಒಳಗೆ ಗ್ರಾನೈಟಿನ ಕಟ್ಟೆ, ತಲೆಯ ಮೇಲೆ ಫಾಲ್ಸ್ ಸೀಲಿಂಗು.

ನಾನು ಪರದೆ ಹೊಲಿಸಿ ಕಟ್ಟಿಸುವವಳು. ಓದಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಕ್ಕಪಕ್ಕದ ಮನೆಯವರಿಗೆ ಹೊಲಿದುಕೊಡುತ್ತಾ ಕಸುಬಿಗೆ ಬಿದ್ದೆ. ಸಾದಾ ಕಿಟಕಿಗೆ ಪರದೆ ಹಾಕುವುದು ದೊಡ್ಡ ವಿದ್ಯೆಯಲ್ಲ, ತಪ್ಪಿದರೂ ಒಂದಿಂಚು ಅತ್ತಿತ್ತ ಆಗುತ್ತದೆ ಅಷ್ಟೆ. ಬೇ ವಿಂಡೋ ಹಾಗಲ್ಲ. ಅದರ ಎರಡು ಮೂಲೆಗಳು ಸೇರಿಕೊಂಡು ನನ್ನ ಲಾಭವನ್ನು ಎಷ್ಟು ಸಲ ನುಂಗಿವೆಯೋ ಲೆಕ್ಕ ಇಟ್ಟಿಲ್ಲ. ಇಲ್ಲಿರುವುದು ಆ ನಷ್ಟದ ಬಾಬ್ತು ಸಿಕ್ಕಿದ ತಿಳಿವಳಿಕೆ. ನನಗಿಂತ ಚೆನ್ನಾಗಿ ಈ ಕೆಲಸ ಬಲ್ಲವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರು ಬರೆಯುತ್ತಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

1. ಬಟ್ಟೆ ನೋಡುವ ಮೊದಲು ಅಲ್ಲಿ ಕೂರುವವರನ್ನು ನೋಡಿ

ಹಳೇ ಮನೆಗಳ ಬೇ ವಿಂಡೋದಲ್ಲಿ ಸಾಮಾನ್ಯವಾಗಿ ಮಂಡಿಯೆತ್ತರದ ಒಂದು ಕಟ್ಟೆ ಇರುತ್ತದೆ. ಬಸವನಗುಡಿಯ ಅಂಥ ಒಂದು ಮನೆಗೆ ನಾನು ನೆಲ ಮುಟ್ಟುವ ಪರದೆ ಹೊಲಿಸಿದೆ. ವಿದೇಶಿ ಮ್ಯಾಗಜೀನುಗಳಲ್ಲೆಲ್ಲ ಹಾಗೇ ಇರುತ್ತಿತ್ತು. ಎತ್ತರದ ಚಾವಣಿಯಿಂದ ಕೆಳಗಿನವರೆಗೆ ಇಳಿಬಿದ್ದ ನಿರಿಗೆ, ಒಳಗೆ ದಪ್ಪ ಲೈನಿಂಗು. ಕಟ್ಟಿದ ದಿನ ಮನೆಯವರಿಗೂ ಖುಷಿ, ನನಗೂ ಖುಷಿ.

ಬಾಕಿ ಹಣಕ್ಕೆಂದು ಕೆಲವು ದಿನ ಬಿಟ್ಟು ಹೋದೆ. ಮನೆಯ ಅಜ್ಜಿ ಎರಡೂ ಪರದೆಗಳನ್ನು ಎತ್ತಿ, ಹಳೇ ಸೀರೆಯ ಅಂಚಿನಿಂದ ಬಿಗಿದು, ಗಂಟು ಹಾಕಿ ಮೂಲೆಗೆ ತಳ್ಳಿದ್ದರು. ಕಟ್ಟೆಯ ಮೇಲೆ ಮೊರ, ಮೊರದ ತುಂಬ ಅವರೆಕಾಯಿ. ಸುಲಿದ ಸಿಪ್ಪೆಯಲ್ಲಿ ನಾಲ್ಕಾರು ನನ್ನ ಲೈನಿಂಗಿನ ಮಡಿಕೆಯೊಳಗೆ ಸೇರಿಕೊಂಡಿದ್ದವು. ಅವರೆಯ ಸೊಗಡು ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಹೋಗುವಂಥದ್ದಲ್ಲ.

"ಬಾಮ್ಮ, ಕೂತ್ಕೋ" ಅಂದರು. "ನಿನ್ ಪರದೆ ಚೆನ್ನಾಗಿದೆ ಅಂತ ಬಂದೋರೆಲ್ಲ ಹೇಳ್ತಾರೆ. ಆದ್ರೆ ನಾನೆಲ್ಲಿ ಕೂತ್ಕೊಳ್ಳಲಿ, ಅದನ್ನ ಹೇಳು."

ನೆಲದವರೆಗಿನ ಪರದೆ ಎಳೆದರೆ ಕಟ್ಟೆ ಮರೆಯಾಗುತ್ತದೆ, ಸರಿಸಿದರೆ ಕಟ್ಟೆಯ ಎರಡು ತುದಿಯಲ್ಲಿ ರಾಶಿ ಬೀಳುತ್ತದೆ. ಅಜ್ಜಿ ಒರಗಿ ಕೂರುತ್ತಿದ್ದದ್ದೇ ಆ ತುದಿಯಲ್ಲಿ. ಪರದೆ ಬಿಚ್ಚಿಕೊಂಡು ಬಂದು, ಕಟ್ಟೆಯ ಕಲ್ಲಿಗಿಂತ ಅರ್ಧ ಇಂಚು ಮೇಲಕ್ಕೆ ನಿಲ್ಲುವ ಹಾಗೆ ಕತ್ತರಿಸಿ, ಉಳಿದ ಬಟ್ಟೆಯಲ್ಲಿ ಅಜ್ಜಿಗೆ ಒರಗುದಿಂಬಿನ ಕವರು ಹೊಲಿದುಕೊಟ್ಟೆ. ಹೊಲಿಯುವ ಮಾಸ್ಟರ್ ಕೂಲಿ ನನ್ನ ಕೈಯಿಂದ ಹೋಯಿತು.

ಈಗ ಅಳತೆ ಟೇಪು ತೆಗೆಯುವ ಮೊದಲು ಕೇಳುತ್ತೇನೆ: ಇಲ್ಲಿ ಯಾರು ಕೂರುತ್ತಾರೆ, ಬೆಳಿಗ್ಗೆಯೋ ಸಂಜೆಯೋ? ಪೇಪರ್ ಓದುತ್ತಾರಾ? ಯಾವ ಬಾಗಿಲು ದಿನಾ ತೆಗೆಯುತ್ತೀರಿ? ಎದುರು ಮನೆಯವರಿಗೆ ಕಾಣುವ ಮಗ್ಗುಲು ಯಾವುದು? ಎಷ್ಟೋ ಮನೆಗಳಲ್ಲಿ ಮೂರು ಮಗ್ಗುಲಿಗೂ ಪರದೆ ಬೇಕಾಗಿರುವುದೇ ಇಲ್ಲ. ರಸ್ತೆಯ ಕಡೆಯ ಒಂದಕ್ಕೆ ಮರೆ ಸಿಕ್ಕಿದರೆ ಸಾಕಾಗಿರುತ್ತದೆ. ಇದನ್ನು ಹೇಳಿದರೆ ನನ್ನ ವ್ಯಾಪಾರ ಕಡಿಮೆಯಾಗುತ್ತದೆ, ಆದರೂ ಹೇಳುತ್ತೇನೆ.

2. ಗೋಡೆ ಅಳೆಯಬೇಡಿ, ರಾಡು ಹೋಗುವ ದಾರಿ ಅಳೆಯಿರಿ

ಶುರುವಿನಲ್ಲಿ ನಾನು ಮೂರು ಗೋಡೆಗಳನ್ನು ಅಳೆದು, ಅದೇ ಅಳತೆಗೆ ಮೂರು ರಾಡು ಕತ್ತರಿಸಿ ತಂದೆ. ಕಟ್ಟಲು ಹೋದರೆ ಮೂಲೆಯಲ್ಲಿ ರಾಡುಗಳು ಒಂದಕ್ಕೊಂದು ಕತ್ತರಿಯ ಹಾಗೆ ದಾಟಿ ನಿಂತವು. ಗೋಡೆಯೇ ಸುಳ್ಳು ಹೇಳುತ್ತಿದೆಯೇನೋ ಅಂತ ಮತ್ತೆ ಮತ್ತೆ ಅಳೆದೆ. ಗೋಡೆ ಸರಿಯಾಗೇ ಇತ್ತು.

ವಿಷಯ ಇಷ್ಟೆ. ಕ್ಲಾಂಪು ರಾಡನ್ನು ಗೋಡೆಯಿಂದ ಮುಂದಕ್ಕೆ, ಸುಮಾರು 4 ಇಂಚು ದೂರದಲ್ಲಿ ಹಿಡಿಯುತ್ತದೆ. ಮೂರು ರಾಡುಗಳೂ ಹೀಗೆ ಒಳಕ್ಕೆ ಬಂದಾಗ ಅವು ಸೇರುವ ಬಿಂದುವೂ ಒಳಕ್ಕೆ ಬರುತ್ತದೆ. ಹಳೇ ಮನೆಗಳ ಓರೆ ಮಗ್ಗುಲಿನಲ್ಲಿ ಮೂಲೆ ಸಾಧಾರಣವಾಗಿ 135 ಡಿಗ್ರಿಯ ಆಸುಪಾಸು. ಅಲ್ಲಿ 4 ಇಂಚಿನ ಕ್ಲಾಂಪಿಗೆ ನಡುವಿನ ರಾಡು ಒಂದೊಂದು ತುದಿಯಲ್ಲೂ ಒಂದೂವರೆ ಇಂಚಿಗಿಂತ ತುಸು ಹೆಚ್ಚು ಮೊಟಕಾಗಬೇಕು. ಎರಡೂ ತುದಿ ಸೇರಿ ಮೂರು ಇಂಚಿಗೂ ಮಿಕ್ಕಿ. 60 ಇಂಚಿನ ಗೋಡೆಗೆ 57 ಇಂಚಿಗಿಂತ ಚೂರು ಕಡಿಮೆ ರಾಡು. ಅಪಾರ್ಟ್‌ಮೆಂಟಿನ ಚೌಕ ಮೂಲೆಯಾದರೆ ಒಂದೊಂದು ತುದಿಗೆ ಪೂರ್ತಿ 4 ಇಂಚು, ಒಟ್ಟು 8 ಇಂಚು ಹೋಗುತ್ತದೆ.

ಗಣಿತ ಬೇಡ ಅನ್ನುವವರಿಗೆ ಸೀಮೆಸುಣ್ಣ ಸಾಕು. ಕಟ್ಟೆಯ ಮೇಲೋ ನೆಲದ ಮೇಲೋ ಮೂರೂ ಗೋಡೆಯಿಂದ 4 ಇಂಚು ಬಿಟ್ಟು ಗೋಡೆಗುಂಟ ಗೆರೆ ಎಳೆಯಿರಿ. ಗೆರೆಗಳು ಎಲ್ಲಿ ಕೂಡುತ್ತವೋ ಅದೇ ರಾಡಿನ ಮೂಲೆ. ಆ ಗೆರೆಯನ್ನೇ ಅಳೆಯಿರಿ. ಟೇಪು ಸ್ಟೀಲಿನದೇ ಆಗಿರಲಿ, ಟೈಲರ್ ಕೊರಳಲ್ಲಿರುವ ಟೇಪು ಜಗ್ಗುತ್ತದೆ.

ಪರದೆಯ ಉದ್ದವನ್ನು ಎರಡು ತುದಿ, ಎರಡು ಮೂಲೆ, ನಡುವೆ ಹೀಗೆ ಐದು ಕಡೆ ಅಳೆಯಬೇಕು. ಹಳೇ ರೆಡ್ ಆಕ್ಸೈಡ್ ನೆಲಗಳು ಕಣ್ಣಿಗೆ ಸಮವಾಗಿ ಕಂಡರೂ ಒಂದು ಕಡೆಗೆ ವಾಲಿರುತ್ತವೆ. ರಸಮಟ್ಟ ಇಟ್ಟು ರಾಡನ್ನು ಸರಿಯಾಗಿ ಕೂರಿಸಿದ ಮೇಲೆ ಕಿಟಕಿಯ ಚೌಕಟ್ಟೇ ಸೊಟ್ಟ ಅಂತ ಗೊತ್ತಾದದ್ದೂ ಇದೆ. ಆಗ ಮನೆಯವರಿಗೆ ಸೊಟ್ಟ ಕಾಣುವುದು ನಾನು ಹಾಕಿದ ರಾಡು, ಅವರ ಅಜ್ಜನ ಕಾಲದ ಚೌಕಟ್ಟಲ್ಲ. ಅಂಥ ಕಡೆ ನಾನು ರಸಮಟ್ಟವನ್ನು ಚೀಲಕ್ಕೆ ಹಾಕಿ, ಕಣ್ಣು ಹೇಳಿದ ಹಾಗೆ ಕೇಳುತ್ತೇನೆ.

3. ಎರಡು ಮೂಲೆಗಳೂ ಒಂದೇ ಅಂತ ನಂಬಬೇಡಿ

ನಂಬಿ ಕೆಟ್ಟಿದ್ದೇನೆ. ಎಡಮೂಲೆಯ ಕೋನಕ್ಕೆ ರಟ್ಟಿನ ನಮೂನೆ ಕತ್ತರಿಸಿ ಅದನ್ನೇ ತಿರುಗಿಸಿ ಬಲಕ್ಕೂ ಬಳಸಿದ್ದರಿಂದ, ಅದರಂತೆ ಬಗ್ಗಿಸಿದ ಪರದೆಯ ಟ್ರ್ಯಾಕು ಗೋಡೆಯನ್ನು ಒಂದು ಕಡೆ ತಾಕಿ, ಇನ್ನೊಂದು ಕಡೆ ಕೈ ತೂರುವಷ್ಟು ದೂರ ನಿಂತಿತು. ಒಂದೊಂದು ಮೂಲೆಗೂ ಬೇರೆ ರಟ್ಟು, ಬೆನ್ನಿಗೆ ಎಡ, ಬಲ ಅಂತ ಬರಹ. ಅಷ್ಟೇ.

4. ಐಲೆಟ್ ಪರದೆ ಮೂಲೆ ತಿರುಗುವುದಿಲ್ಲ

ನಮ್ಮಲ್ಲಿ ಹೆಚ್ಚಿನವರಿಗೆ ಪರದೆ ಅಂದರೆ ಐಲೆಟ್. ಮೇಲಂಚಿನಲ್ಲಿ ಸ್ಟೀಲಿನ ಉಂಗುರಗಳು, ಉಂಗುರದೊಳಗೆ ರಾಡು. ಅಂಗಡಿಯಲ್ಲಿ ರೆಡಿಮೇಡ್ ಸಿಗುವುದೂ ಬಹುಪಾಲು ಅದೇ. ಕಿಟಕಿಗೆ 5 ಅಡಿ, ಬಾಗಿಲಿಗೆ 7 ಅಡಿ, ಎತ್ತರದ ಬಾಗಿಲಿಗೆ 9 ಅಡಿ. ಸಾದಾ ಕಿಟಕಿಗೆ ಅದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಉಂಗುರಗಳ ಸಂಖ್ಯೆ ಮಾತ್ರ ಸಮವಾಗಿರಬೇಕು, ಇಲ್ಲದಿದ್ದರೆ ಪರದೆಯ ಒಂದು ಅಂಚು ಗೋಡೆಗೆ, ಇನ್ನೊಂದು ಅಂಚು ಕೋಣೆಗೆ ಮುಖ ಮಾಡುತ್ತದೆ.

ಬೇ ವಿಂಡೋದಲ್ಲಿ ಇದು ಕೈಕೊಡುತ್ತದೆ. ರಾಡು ಮೂಲೆಯಲ್ಲಿ ತಿರುಗುವ ಕಡೆ ಅದನ್ನು ಹಿಡಿಯಲು ಕ್ಲಾಂಪು ಬೇಕೇಬೇಕು. ಕ್ಲಾಂಪು ಇದ್ದ ಕಡೆ ಉಂಗುರ ದಾಟುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಗ್ರಾಹಕರು ಐಲೆಟ್ಟೇ ಬೇಕು ಅಂದರು, ನಾನು ಹೂಂ ಅಂದೆ. ಎರಡೇ ಎರಡು ಪರದೆ ಕಟ್ಟಿ, "ಎಳೆದರೆ ಪೂರ್ತಿ ಮುಚ್ಚುತ್ತೆ" ಅಂತ ಧೈರ್ಯವಾಗಿ ಹೇಳಿದೆ. ಎಳೆದಾಗ ಎರಡೂ ತಮ್ಮ ತಮ್ಮ ಮೂಲೆಗೆ ಬಂದು ನಿಂತವು. ನಡುವಿನ ಐದು ಅಡಿ ಗಾಜು ಬಟಾಬಯಲು. ಮನೆಯ ಯಜಮಾನರು ಏನೂ ಅನ್ನದೆ ರಸ್ತೆಯ ಕಡೆ ನೋಡಿದರು. ರಸ್ತೆಯಲ್ಲಿದ್ದ ತರಕಾರಿ ಗಾಡಿಯವನು ನಮ್ಮ ಕಡೆ ನೋಡಿದ.

ಹಾಗಾದರೆ ದಾರಿಗಳೇನು? ನಾನು ಮಾಡಿ ನೋಡಿದವನ್ನು ಹೇಳುತ್ತೇನೆ.

ಐಲೆಟ್ಟೇ ಬೇಕೆಂದರೆ ನಾಲ್ಕು ಪರದೆ ಮಾಡಿಸಬೇಕು. ಎರಡು ಹೊರತುದಿಗಳಿಗೆ, ಎರಡು ಮೂಲೆಗಳಿಗೆ. ಮೂಲೆಯ ಪರದೆಗಳು ನಡುವಿನ ರಾಡಿನ ಮೇಲೆ ಓಡುತ್ತವೆ, ತುದಿಯವು ಮಗ್ಗುಲಿನ ರಾಡಿನ ಮೇಲೆ. ಪ್ರತಿ ರಾಡಿನ ತುದಿಯಲ್ಲಿ ಕ್ಲಾಂಪಿನಾಚೆಗೆ ಒಂದು ಉಂಗುರ ಸಿಕ್ಕಿಸಿಟ್ಟರೆ ಪರದೆಯ ಆ ಅಂಚು ಅಲ್ಲೇ ನಿಂತು ಮೂಲೆಯ ಸಂದು ಮುಚ್ಚುತ್ತದೆ. ಎರಡು ಗಾಜಿನ ನಡುವೆ ಅಗಲವಾದ ಗೋಡೆಯ ಕಂಬವಿದ್ದರೆ ಇದು ಸೊಗಸು, ಸರಿಸಿದ ಬಟ್ಟೆ ಆ ಕಂಬದ ಮೇಲೆ ನಿಲ್ಲುತ್ತದೆ. ಮೂಲೆಯಲ್ಲಿ ಬರೀ ಮರದ ಚೌಕಟ್ಟು, ಅದರ ಎರಡೂ ಕಡೆ ಗಾಜು ಎಂದರೆ ಬೆಳಕೆಲ್ಲ ಬಟ್ಟೆಯ ಪಾಲು.

ಎರಡನೆಯದು ಬಗ್ಗಿಸಿದ ಅಲ್ಯೂಮಿನಿಯಂ ಟ್ರ್ಯಾಕು. ಪರದೆ ಕೊಕ್ಕೆಗಳಿಂದ ಪುಟ್ಟ ಗಾಲಿಗಳಿಗೆ ತಗುಲಿಕೊಂಡು, ಟ್ರ್ಯಾಕಿನ ಒಳಗೆ ಓಡುತ್ತದೆ. ಹಿಡಿದಿಡುವ ಕ್ಲಿಪ್ಪು ಮೇಲ್ಗಡೆ ಇರುವುದರಿಂದ ಅಡ್ಡಬರುವುದಿಲ್ಲ. ಎರಡೇ ಪರದೆಯಲ್ಲಿ ಇಡೀ ಬೇ ಮುಚ್ಚಬಹುದು. ನನ್ನ ಪ್ರಕಾರ ಬೇ ವಿಂಡೋಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಬಗ್ಗಿಸುವುದು ಹುಡುಗಾಟವಲ್ಲ. ನಮ್ಮ ಫಿಟ್ಟಿಂಗ್ ಹುಡುಗ "ಅಕ್ಕಾ, ನಾನ್ ನೋಡ್ಕೋತೀನಿ ಬಿಡಿ" ಅಂತ ಮೊಣಕಾಲಿಗೆ ಒತ್ತಿ ಬಗ್ಗಿಸಿದ. ಟ್ರ್ಯಾಕಿನ ಒಳಬಾಯಿ ಒಂದು ಕಡೆ ಮುದುಡಿಕೊಂಡಿತು, ಎಲ್ಲ ಗಾಲಿಗಳೂ ಅಲ್ಲಿಗೆ ಬಂದು ಮುಷ್ಕರ ಹೂಡಿದವು. ಈಗ ರಟ್ಟಿನ ನಮೂನೆ ಕೊಟ್ಟು ಟ್ರ್ಯಾಕ್ ಮಾಡುವವರಲ್ಲೇ ಬಗ್ಗಿಸಿ ತರಿಸುತ್ತೇನೆ. ತಿರುವು ಚೂಪಾಗಿರದೆ ದುಂಡಗಿರಬೇಕು, ತಿರುವಿನ ಹಿಂದೆ ಮುಂದೆ ಒಂದೊಂದು ಹೆಚ್ಚಿನ ಕ್ಲಿಪ್ಪು ಬೀಳಬೇಕು. ಬಟ್ಟೆ ಭಾರವಾದಷ್ಟೂ ತಿರುವು ಇನ್ನೂ ನಿಧಾನವಾಗಿರಲಿ.

ಮೂರನೆಯದು ರೋಮನ್ ಬ್ಲೈಂಡು, ಒಂದೊಂದು ಗಾಜಿಗೂ ಒಂದೊಂದು. ಚೌಕಟ್ಟಿನ ಒಳಗೇ ಕೂರಿಸಿದರೆ ಚೆನ್ನ. ಹೊರಗೆ ಕೂರಿಸಿದರೆ ಮಡಿಚಿ ಮೇಲೇರುವಾಗ ಪಕ್ಕದ್ದಕ್ಕೆ ಮೂಲೆಯಲ್ಲಿ ಡಿಕ್ಕಿ. ಕಟ್ಟೆಯಿರುವ ಕಿಟಕಿಗೆ ಇದು ಹೇಳಿ ಮಾಡಿಸಿದ್ದು, ಕೂರುವ ಜಾಗ ಪೂರ್ತಿ ಉಳಿಯುತ್ತದೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು: ಮನೆಯಲ್ಲಿ ಮಗುವಿದ್ದರೆ ಬ್ಲೈಂಡಿನ ಹಗ್ಗ ಕುಣಿಕೆಯಾಗಿ ಜೋತಾಡಬಾರದು. ಕೊರಳಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಹಗ್ಗ ಸುತ್ತುವ ಕೊಕ್ಕೆಯನ್ನು ನೆಲದಿಂದ ಐದಡಿ ಎತ್ತರದಲ್ಲಿಡಿ ಅನ್ನುತ್ತಾರೆ. ಮಗು ಹತ್ತುವ ಕಟ್ಟೆ ಇರುವ ಕಡೆ ಆ ಐದಡಿಯನ್ನು ಕಟ್ಟೆಯ ಮೇಲಿನಿಂದ ಲೆಕ್ಕ ಹಾಕಿ, ಅಥವಾ ಹಗ್ಗವೇ ಇಲ್ಲದ ಬಗೆಯದನ್ನು ತೆಗೆದುಕೊಳ್ಳಿ.

5. ಬಾಯಿಗೆ ಅಡ್ಡ ರಾಡು ಹಾಕಿದರೆ ಪಾಪವೇನೂ ಬರುವುದಿಲ್ಲ

ಬೇ ವಿಂಡೋ ಕೋಣೆಗೆ ತೆರೆದುಕೊಳ್ಳುವ ಬಾಯಿಗೆ ನೇರವಾಗಿ ಒಂದೇ ರಾಡು ಹಾಕಿ, ಬೇಯನ್ನೇ ಪರದೆಯ ಹಿಂದೆ ಬಿಟ್ಟುಬಿಡುವುದನ್ನು ನಾನು ಬಹಳ ಕಾಲ ಸೋಮಾರಿಗಳ ಕೆಲಸ ಅಂದುಕೊಂಡಿದ್ದೆ. ಮಕ್ಕಳ ಮಲಗುವ ಕೋಣೆಗೆ ಅದೇ ಸರಿ ಅಂತ ಆಮೇಲೆ ಒಪ್ಪಿಕೊಂಡೆ. ಮೂಲೆಯಿಂದ ಬೆಳಕು ನುಸುಳುವುದಿಲ್ಲ, ಖರ್ಚು ಕಡಿಮೆ, ಐಲೆಟ್ಟೂ ನಡೆಯುತ್ತದೆ. ಹಗಲು ಪೂರ್ತಿ ಸರಿಸಿ, ರಾತ್ರಿ ಮಾತ್ರ ಎಳೆಯುವವರಿಗೆ ಬೇರೇನೂ ಬೇಕಿಲ್ಲ. ನಡುಮನೆಗೆ ಮಾತ್ರ ಬೇಡ. ಸಂಜೆ ಪರದೆ ಎಳೆದ ಕೂಡಲೆ ಮನೆ ಒಂದು ಮೊಳ ಚಿಕ್ಕದಾಗುತ್ತದೆ.

6. ಡ್ರಿಲ್ ಹಿಡಿಯುವ ಮೊದಲು ಗೋಡೆಯ ಜಾತಕ ಕೇಳಿ

ಹಳೇ ಮನೆಗಳದು ಸುಣ್ಣದ ಗಾರೆಯ ಇಟ್ಟಿಗೆ ಗೋಡೆ. ದಪ್ಪ ಇರುತ್ತದೆ, ಆದರೆ ಹ್ಯಾಮರ್ ಡ್ರಿಲ್ ಇಟ್ಟರೆ ಬೆರಳು ಗಾತ್ರದ ತೂತಿಗೆ ಮುಷ್ಟಿ ಗಾತ್ರದ ಗಾರೆ ಉದುರುತ್ತದೆ. ಸುತ್ತಿಗೆಯ ಹೊಡೆತ ನಿಲ್ಲಿಸಿ ಬರೀ ತಿರುಗಿಸಿ ಕೊರೆಯಬೇಕು, ಎರಡು ಇಟ್ಟಿಗೆಯ ನಡುವಿನ ಸಂದಿಗೆ ಬದಲು ಇಟ್ಟಿಗೆಯ ಮೈಗೇ ಕೊರೆಯಬೇಕು. ಅಷ್ಟಾಗಿಯೂ ಗ್ಯಾರಂಟಿ ಇಲ್ಲವೆನಿಸಿದರೆ ಗೋಡೆಗೆ ಮೊದಲು ಉದ್ದನೆಯ ಮರದ ಪಟ್ಟಿ ಬಿಗಿದು, ಗೋಡೆಯ ಬಣ್ಣವನ್ನೇ ಬಳಿದು, ಕ್ಲಾಂಪನ್ನು ಆ ಪಟ್ಟಿಗೆ ಹಾಕುವುದು. ಭಾರ ಹಂಚಿಹೋಗುತ್ತದೆ. ಹೊಸ ಮನೆಗಳಲ್ಲಿ ಕಿಟಕಿಯ ಮೇಲೆ ಕಾಂಕ್ರೀಟಿನ ಲಿಂಟೆಲ್. ಒಳಗಿನ ಕಬ್ಬಿಣಕ್ಕೆ ತಾಗಿದರೆ ಡ್ರಿಲ್‌ನ ಬಿಟ್ ಮುರಿಯುತ್ತದೆ, ತುಸು ಪಕ್ಕಕ್ಕೆ ಸರಿಯಬೇಕು. ಗೋಡೆಯೊಳಗಿನ ವೈರು ಎಲ್ಲಿ ಹಾದಿದೆ ಅಂತ ಕೇಳದೆ ಕೊರೆಯುವುದು ಧೈರ್ಯವಲ್ಲ, ಬುದ್ಧಿಗೇಡಿತನ.

ನನ್ನನ್ನು ಬೀಳಿಸಿದ್ದು ಇವಾವುದೂ ಅಲ್ಲ, ಫಾಲ್ಸ್ ಸೀಲಿಂಗು. ಗೃಹಪ್ರವೇಶದ ಹಿಂದಿನ ರಾತ್ರಿ ಜಿಪ್ಸಂ ಹಲಗೆಗೆ ನೇರವಾಗಿ ಸ್ಕ್ರೂ ಹೊಡೆಸಿ ಟ್ರ್ಯಾಕು ಕಟ್ಟಿದೆವು. ಬೆಳಿಗ್ಗೆ ಹೋಮದ ಹೊಗೆ ಹೋಗಲಿ ಅಂತ ಯಾರೋ ಪರದೆ ಜಗ್ಗಿದರು. ಟ್ರ್ಯಾಕು, ಪರದೆ, ಜಿಪ್ಸಂ ಪುಡಿ ಎಲ್ಲ ಒಟ್ಟಿಗೆ ಇಳಿದವು. ಪುರೋಹಿತರು ಮಂತ್ರ ನಿಲ್ಲಿಸಲಿಲ್ಲ, ಅದೊಂದು ಪುಣ್ಯ. ಯಾರಿಗೂ ಪೆಟ್ಟಾಗಲಿಲ್ಲ, ಅದು ದೊಡ್ಡ ಪುಣ್ಯ. ಜಿಪ್ಸಂ ಹಲಗೆ ಪರದೆಯ ಭಾರ ಹೊರುವುದಿಲ್ಲ. ಸೀಲಿಂಗ್ ಕೆಲಸ ನಡೆಯುತ್ತಿರುವಾಗಲೇ ಪರದೆ ಬರುವ ಗೆರೆಯುದ್ದಕ್ಕೂ ಒಳಗೆ ಪ್ಲೈವುಡ್ ಪಟ್ಟಿ ಕೂರಿಸಲು ಹೇಳಬೇಕು. ಆಮೇಲೆ ಹೇಳಿದರೆ ಒಡೆಯಬೇಕಾಗುತ್ತದೆ. ಮನೆ ಕಟ್ಟಿಸುತ್ತಿರುವವರು ಈ ಇಡೀ ಬರಹದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

7. ಬಟ್ಟೆಯ ಲೆಕ್ಕದಲ್ಲಿ ಹೂವಿಗೂ ಪಾಲುಂಟು

ಚಿಕ್ಕಪೇಟೆಯಲ್ಲಿ ನಿಂತು ಬಟ್ಟೆ ಆರಿಸುವುದು ಸುಖದ ಕೆಲಸ. ಎಷ್ಟು ಮೀಟರ್ ಅಂತ ಅಂಗಡಿಯವರು ಕೇಳಿದಾಗ ಸುಖ ಮುಗಿಯುತ್ತದೆ.

ಒಂದು ಉದಾಹರಣೆಯ ಲೆಕ್ಕ ಹೇಳುತ್ತೇನೆ. ಮೂರು ಮಗ್ಗುಲೂ ಸೇರಿ ರಾಡಿನ ಉದ್ದ 10 ಅಡಿ, ಅಂದರೆ 120 ಇಂಚು. ನಿರಿಗೆ ತುಂಬಿ ಬೀಳಬೇಕಾದರೆ ಅದರ ಎರಡೂವರೆ ಪಟ್ಟು ಬಟ್ಟೆ ಬೇಕು, 300 ಇಂಚು. ತಾನಿನ ಅಗಲ 54 ಇಂಚು. ಜೋಡುಹೊಲಿಗೆಗೆ ಹೋದದ್ದು ಕಳೆದರೆ 6 ತುಂಡು ಬೇಕಾಗುತ್ತದೆ. ಪರದೆಯ ಉದ್ದ 7 ಅಡಿ, 84 ಇಂಚು. ಮೇಲಿನ ಬಕ್ರಂ ಪಟ್ಟಿಗೆ 6, ಕೆಳಗಿನ ಮಡಿಕೆಗೆ 8 ಸೇರಿಸಿದರೆ 98 ಇಂಚು. ಆರು ತುಂಡಿಗೆ ಹತ್ತಿರ ಹತ್ತಿರ 15 ಮೀಟರ್.

ಇದು ಸಾದಾ ಬಟ್ಟೆಯ ಮಾತು. ದೊಡ್ಡ ಹೂವಿನ ಬಟ್ಟೆಯಾದರೆ ಒಂದು ತುಂಡಿನ ಹೂವು ಪಕ್ಕದ ತುಂಡಿನ ಹೂವಿನ ಸಮಕ್ಕೆ ಬರಬೇಕು. ಚಿತ್ತಾರ 24 ಇಂಚಿಗೊಮ್ಮೆ ಮರುಕಳಿಸುತ್ತದೆ ಅಂತಿಟ್ಟುಕೊಳ್ಳಿ. 98 ಇಂಚಿಗೆ ನಾಲ್ಕು ಸಲದ ಚಿತ್ತಾರ ಸಾಲದು, ಐದು ಬೇಕು. ತುಂಡು 120 ಇಂಚಾಯಿತು, ಒಟ್ಟು 18 ಮೀಟರಿಗೂ ಮೇಲೆ. ಈ ಲೆಕ್ಕ ಬಿಟ್ಟು 15 ಮೀಟರ್ ತಂದ ನಾನು ಇನ್ನುಳಿದದ್ದಕ್ಕೆ ಮತ್ತೆ ಅಂಗಡಿಗೆ ಹೋದೆ. ಬೇರೆ ತಾನು ಕೊಟ್ಟರು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಬಣ್ಣ, ಕಿಟಕಿಯ ಬೆಳಕಿನಲ್ಲಿ ಎರಡು ಬಣ್ಣ. ಬೇ ವಿಂಡೋದಲ್ಲಿ ಮೂರು ದಿಕ್ಕಿನ ಬೆಳಕು ಬೀಳುವುದರಿಂದ ಇಂಥ ವ್ಯತ್ಯಾಸ ಎದ್ದು ಕಾಣುತ್ತದೆ.

ನಮ್ಮ ಮಾಸ್ಟರ್ ಅದನ್ನು ನೋಡಿ, "ಮೇಡಂ, ಕೆಳಗಿನ ಮಡಿಕೆ 8ರ ಬದಲು 6 ಇಡಬಹುದಿತ್ತಲ್ಲ, ತುಂಡು 96ಕ್ಕೆ ನಿಲ್ಲುತ್ತಿತ್ತು" ಅಂದರು. 96 ಅಂದರೆ ಸರಿಯಾಗಿ ನಾಲ್ಕು ಚಿತ್ತಾರ. ಆ ಎರಡು ಇಂಚಿನಲ್ಲಿ ಮೂರೂವರೆ ಮೀಟರಿಗಿಂತ ಹೆಚ್ಚು ಬಟ್ಟೆ ಉಳಿಯುತ್ತಿತ್ತು. ಅಂದಿನಿಂದ ಬಟ್ಟೆಯ ಲೆಕ್ಕವನ್ನು ಅಂಗಡಿಗೆ ಹೋಗುವ ಮೊದಲು ಅವರ ಕೈಗೆ ಕೊಡುತ್ತೇನೆ.

8. ಪಡುವಣ ಬಿಸಿಲಿಗೆ ರೇಷ್ಮೆ ಕೊಡಬೇಡಿ

ರೇಷ್ಮೆ ಪರದೆಯ ಮೇಲೆ ನನಗೂ ಆಸೆಯಿದೆ, ಕರ್ನಾಟಕದವರಿಗೆ ಅದು ಸಹಜ. ಆದರೆ ಬಿಸಿಲು ರೇಷ್ಮೆಯ ಬಣ್ಣವನ್ನಷ್ಟೇ ಅಲ್ಲ, ಎಳೆಯ ಬಲವನ್ನೇ ಹೀರುತ್ತದೆ. ಮಲ್ಲೇಶ್ವರದ ಒಂದು ಮನೆಯಲ್ಲಿ ಲೈನಿಂಗಿಲ್ಲದೆ ಹಾಕಿದ ರೇಷ್ಮೆ ಪರದೆ ಕೆಲವು ವರ್ಷಗಳಲ್ಲಿ ನಿರಿಗೆಯ ಏಣಿನ ಗುಂಟ ಸೀಳಿಕೊಂಡಿತು. ಬೆರಳು ಆಡಿಸಿದರೆ ಹಪ್ಪಳದ ಸದ್ದು.

ಓರೆ ಮಗ್ಗುಲಿನ ಬೇ ವಿಂಡೋದ ನಡುಮಗ್ಗುಲು ಪಡುವಣಕ್ಕಿದ್ದರೆ ಒಂದು ಪಕ್ಕ ನೈಋತ್ಯ, ಇನ್ನೊಂದು ವಾಯವ್ಯ. ಬೇಸಿಗೆಯಲ್ಲಿ ಸೂರ್ಯ ಪಶ್ಚಿಮಕ್ಕಿಂತ ಬಡಗಣಕ್ಕೆ ಸರಿದು ಮುಳುಗುತ್ತಾನೆ, ಚಳಿಗಾಲದಲ್ಲಿ ತೆಂಕಣಕ್ಕೆ. ಹಾಗಾಗಿ ಯಾವ ಮಗ್ಗುಲೂ ತಪ್ಪಿಸಿಕೊಳ್ಳುವುದಿಲ್ಲ. ವರ್ಷದ ಲೆಕ್ಕದಲ್ಲಿ ಹೆಚ್ಚು ಬಿಸಿಲು ತಿನ್ನುವುದು ನೈಋತ್ಯದ್ದು, ಅದೇ ಮೊದಲು ಬಿಳಿಚುತ್ತದೆ. ಎಡಬಲದ ಪರದೆಗಳನ್ನು ಒಂದೇ ಅಳತೆಗೆ ಹೊಲಿಸಿದರೆ ಆಗಾಗ ಅದಲುಬದಲು ಮಾಡಬಹುದು. ರೇಷ್ಮೆಯೇ ಬೇಕು ಅನ್ನುವವರಿಗೆ ದಪ್ಪ ಲೈನಿಂಗು ಹಾಕಿ, ಗಾಜಿನ ಕಡೆಗೆ ಒಂದು ತೆಳು ಪರದೆಯನ್ನೂ ಇಳಿಬಿಡಿ ಅನ್ನುತ್ತೇನೆ. ಇಲ್ಲವೇ ರೇಷ್ಮೆಯಂತೆ ಕಾಣುವ ಪಾಲಿಯೆಸ್ಟರ್. ಹೀಗಂದಾಗ ಕೆಲವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

9. ಹತ್ತಿ ಕುಗ್ಗುತ್ತದೆ, ಲಿನನ್ ಜಗ್ಗುತ್ತದೆ

ಹತ್ತಿಯ ಬಟ್ಟೆ ಮೊದಲ ಒಗೆತಕ್ಕೆ ನೂರಕ್ಕೆ ಮೂರು ಪಾಲೋ ಐದು ಪಾಲೋ ಕುಗ್ಗುವುದು ಮಾಮೂಲು. ಏಳಡಿ ಪರದೆಯಲ್ಲಿ ಐದು ಪಾಲು ಅಂದರೆ ನಾಲ್ಕು ಇಂಚು. ಯುಗಾದಿಗೆ ಒಗೆದು ಹಾಕಿದಾಗ ಪರದೆ ಗಿಡ್ಡವಾಗಿ, "ನೀವು ಅಳತೆ ತಪ್ಪಿದ್ದೀರಿ" ಅಂತ ಫೋನು ಬರುತ್ತದೆ. ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಬೇಕು. ಸಡಿಲ ನೇಯ್ಗೆಯ ಲಿನನ್‌ದು ಇದರ ತದ್ವಿರುದ್ಧ, ತನ್ನ ತೂಕಕ್ಕೆ ತಾನೇ ಇಳಿಯುತ್ತದೆ. ಅದನ್ನು ಕೆಳಮಡಿಕೆ ಹೊಲಿಯದೆ ಕೆಲವು ದಿನ ತೂಗುಹಾಕಿ, ಇಳಿಯುವಷ್ಟು ಇಳಿದ ಮೇಲೆ ಅಂಚು ಹಿಡಿಯಿಸುತ್ತೇನೆ. ಗ್ರಾಹಕರಿಗೆ ಅವಸರವಿರುತ್ತದೆ. ಅವಸರಕ್ಕೆ ಬಗ್ಗಿದಾಗಲೆಲ್ಲ ಎರಡು ಸಲ ಹೊಲಿದಿದ್ದೇವೆ.

10. ಸೊಳ್ಳೆ ಬಾಗಿಲನ್ನು ಮರೆಯಬೇಡಿ

ನಮ್ಮ ಕಿಟಕಿಗಳ ಮರದ ಬಾಗಿಲು ಹೊರಕ್ಕೆ, ಸೊಳ್ಳೆ ಜಾಲರಿಯ ಬಾಗಿಲು ಒಳಕ್ಕೆ ತೆರೆಯುತ್ತದೆ. ಒಳಕ್ಕೆ ತೆರೆಯುವ ಬಾಗಿಲು ಪರದೆಯನ್ನು ಗುದ್ದುತ್ತದೆ, ಅದರ ಚಿಲಕ ತೆಳು ಬಟ್ಟೆಯನ್ನು ಕಚ್ಚಿ ಹರಿಯುತ್ತದೆ. ಬೇ ವಿಂಡೋದಲ್ಲಂತೂ ನಡುವಿನ ಜಾಲರಿಯೂ ಪಕ್ಕದ ಜಾಲರಿಯೂ ಒಂದೇ ಮೂಲೆಗೆ ಬರುತ್ತವೆ. ಎಲ್ಲ ಬಾಗಿಲುಗಳನ್ನೂ ಒಟ್ಟಿಗೆ ಪೂರ್ತಿ ತೆರೆದಿಟ್ಟು, ಆಮೇಲೆ ಪರದೆ ಎಲ್ಲಿ ನಿಲ್ಲಬೇಕು ಅಂತ ನೋಡಿ. ಎಷ್ಟೋ ಕಡೆ ಪರದೆ ಬೇಡ, ಬ್ಲೈಂಡೂ ಬೇಡ, ಮೊದಲು ಜಾಲರಿಯನ್ನು ಸರಿಸುವ ಬಗೆಯದಕ್ಕೆ ಬದಲಾಯಿಸಿ ಅಂತ ಹೇಳಿ ಬಂದಿದ್ದೇನೆ.

11. ಬೆಂಗಳೂರಿನ ಬುದ್ಧಿ ಮಡಿಕೇರಿಯಲ್ಲಿ ನಡೆಯುವುದಿಲ್ಲ

ಕೊಡಗಿನ ಒಂದು ಎಸ್ಟೇಟ್ ಬಂಗಲೆಯ ಬೇ ವಿಂಡೋಗೆ ನಾನು ಬೆಂಗಳೂರಿನಲ್ಲಿ ಮೆಚ್ಚುಗೆ ಪಡೆದಿದ್ದ ಎಲ್ಲವನ್ನೂ ಹಾಕಿದೆ. ದಪ್ಪ ಹತ್ತಿ, ಬ್ಲ್ಯಾಕೌಟ್ ಲೈನಿಂಗು, ನೆಲ ಸವರುವ ಉದ್ದ. ಹಾಕಿದ್ದು ಏಪ್ರಿಲಿನಲ್ಲಿ. ಜೂನಿನಲ್ಲಿ ಮಳೆ ಹಿಡಿಯಿತು. ಗೋಡೆಯಿಂದ ಹೊರಗೆ ಚಾಚಿಕೊಂಡ ಕಿಟಕಿಗೆ ಇರಚಲು ಮೂರು ಕಡೆಯಿಂದ ಹೊಡೆಯುತ್ತದೆ, ಗೋಡೆ ಬೆವರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಲೈನಿಂಗಿನ ಬೆನ್ನ ತುಂಬ ಕಪ್ಪು ಚುಕ್ಕೆ, ಕೋಣೆ ತುಂಬ ಬೂಷ್ಟಿನ ವಾಸನೆ. ಬಂಗಲೆಯ ಮೇಲ್ವಿಚಾರಕರು ಸಭ್ಯಸ್ಥರು, "ಪರವಾಗಿಲ್ಲ ಮೇಡಂ, ಇಲ್ಲಿ ಚಪ್ಪಲಿಗೂ ಹಿಡಿಯುತ್ತೆ" ಅಂತ ಸಮಾಧಾನ ಹೇಳಿದರು.

ಆಮೇಲೆ ಅಲ್ಲಿಗೆ ಬೇಗ ಒಣಗುವ ತೆಳು ಪಾಲಿಯೆಸ್ಟರ್ ಮಿಶ್ರಣದ ಬಟ್ಟೆ ಹಾಕಿದೆವು. ಲೈನಿಂಗು ಬೇರೆಯಾಗಿ ಕೊಕ್ಕೆಗೆ ಸಿಕ್ಕಿಸುವಂಥದ್ದು, ಜೂನಿಗೆ ಮುಂಚೆ ಬಿಚ್ಚಿ ಒಣ ಬೀರುವಿನಲ್ಲಿಡುವುದು. ಪರದೆ ನೆಲದಿಂದ ಒಂದಿಂಚು ಮೇಲೆ, ಗೋಡೆಯಿಂದ ಗಾಳಿಯಾಡುವಷ್ಟು ದೂರ. ಅಲ್ಲಿಯ ಜನ ಮೊದಲಿಂದಲೂ ತೆಳು ಬಟ್ಟೆಯನ್ನೇ ಕಟ್ಟುತ್ತಿದ್ದರು. ಕೇಳಿದ್ದರೆ ಹೇಳುತ್ತಿದ್ದರು.

12. ದುಡ್ಡು ಕಡಿಮೆಯಿದ್ದರೆ ಬಟ್ಟೆಯಲ್ಲಿ ಉಳಿಸಿ

ಅಗ್ಗದ ಬಟ್ಟೆಯೂ ತುಂಬು ನಿರಿಗೆ ಇದ್ದರೆ, ಒಳ್ಳೆ ಟ್ರ್ಯಾಕಿನ ಮೇಲೆ ಸಲೀಸಾಗಿ ಓಡಿದರೆ ಲಕ್ಷಣವಾಗಿ ಕಾಣುತ್ತದೆ. ದುಬಾರಿ ಬಟ್ಟೆಯನ್ನು ಜಿಪುಣತನದಿಂದ ಒಂದೂಕಾಲು ಪಟ್ಟಿಗೆ ಹೊಲಿಸಿದರೆ ಹಗ್ಗದ ಮೇಲೆ ಒಣಹಾಕಿದ ಬೆಡ್‌ಶೀಟು. ಬಟ್ಟೆ ಐದಾರು ವರ್ಷಕ್ಕೆ ಬದಲಾಗುತ್ತದೆ, ಟ್ರ್ಯಾಕು ಹಾಗೇ ಇರುತ್ತದೆ. ಅದರ ಮೇಲೆ ಹಾಕಿದ ಹಣ ಎರಡನೇ ಸಲದ ಪರದೆಗೂ ಕೆಲಸಕ್ಕೆ ಬರುತ್ತದೆ.

ನಿಮ್ಮ ಮನೆಗೆ ಅಳತೆಗೆ ಬಂದವರು, ನಾನೇ ಆಗಿದ್ದರೂ ಸರಿ, ಕಿಟಕಿಯ ಬಾಗಿಲುಗಳನ್ನು ತೆರೆದು ಮುಚ್ಚಿ ನೋಡದೆ ಟೇಪು ಎಳೆದರೆ ತಡೆಯಿರಿ. ಒಂದು ಲೋಟ ಕಾಫಿ ಕೊಟ್ಟು ಆ ಕಿಟಕಿಯಲ್ಲೇ ಸ್ವಲ್ಪ ಹೊತ್ತು ಕೂರಿಸಿ. ಮುಂಗಡ ಕೊಡುವುದನ್ನು ಅವರು ಕುಡಿದು ಮುಗಿಸಿದ ಮೇಲೆ ಯೋಚಿಸಿ.